ಸರ್ವಾಧಿಕಾರಿ: ಹುದ್ದೆಯಿಂದ ಪ್ರಭುತ್ವದವರೆಗೆ
(ಹೈದರ್ ಅಲಿಯ ಅಧಿಕಾರಾರೋಹಣ ಮತ್ತು ಚಿಕ್ಕಬಳ್ಳಾಪುರ ಸೀಮೆ)

ಪೀಠಿಕೆ

ಇಂದಿನ ಕನ್ನಡದಲ್ಲಿ ‘ಸರ್ವಾಧಿಕಾರಿ’ ಎಂಬುದು ನಿಂದೆಯ ಪದ. ಹಿಟ್ಲರ್, ಮುಸೊಲಿನಿ ಮೊದಲಾದವರನ್ನು ಕುರಿತು ಮಾತನಾಡುವಾಗ ಬಳಕೆಯಾಗುವ ಈ ಪದ, ಕಾನೂನನ್ನು ಮೀರಿ ನಿಂತ ಒಬ್ಬ ವ್ಯಕ್ತಿಯ ಆಳ್ವಿಕೆಯನ್ನು ಸೂಚಿಸುತ್ತದೆ. ಆದರೆ ಕನ್ನಡದಲ್ಲಿ ಈ ಪದಕ್ಕೆ ಎಂಟು ಶತಮಾನಗಳಿಗೂ ಮಿಕ್ಕ ಬಳಕೆಯ ಇತಿಹಾಸವಿದೆ. ಅದರ ಬಹುಭಾಗದಲ್ಲಿ ಅದು ನಿಂದೆಯ ಪದವಾಗಿರಲಿಲ್ಲ. ಹೊಯ್ಸಳ ಒಂದನೆಯ ನರಸಿಂಹನ ಕಾಲದಲ್ಲಿ ಶ್ರವಣಬೆಳಗೊಳದ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳರಾಜನನ್ನು ಶಾಸನಗಳು ಮಹಾಪ್ರಧಾನ, ಸರ್ವಾಧಿಕಾರಿ, ಹಿರಿಯ ಭಂಡಾರಿ ಎಂದು ಕೀರ್ತಿಸುತ್ತವೆ. ಅಲ್ಲಿ ಸರ್ವಾಧಿಕಾರಿ ಎಂದರೆ ಅರಸನ ಹೆಸರಿನಲ್ಲಿ ರಾಜ್ಯದ ಕಾರ್ಯಗಳನ್ನು ನಡೆಸುವ, ಅರಸನಿಗೆ ಉತ್ತರ ಹೇಳಬೇಕಾದ ಸೇವಕ. ಹದಿನೆಂಟನೆಯ ಶತಮಾನದ ಮೈಸೂರಿನಲ್ಲಿಯೂ ಅದು ಒಂದು ಹುದ್ದೆಯ ಹೆಸರೇ ಆಗಿತ್ತು. ದಳವಾಯಿ ಸೇನೆಗೆ ಮುಖ್ಯಸ್ಥನಾದರೆ, ಸರ್ವಾಧಿಕಾರಿ ಕಂದಾಯ ಹಾಗೂ ಖಜಾನೆಗಳಿಗೆ ಮುಖ್ಯಸ್ಥನಾಗಿದ್ದ.

ಸೇವಕನನ್ನು ಸೂಚಿಸುತ್ತಿದ್ದ ಪದ ಒಡೆಯನಿಗಿಂತ ಮಿಗಿಲಾದವನನ್ನು ಸೂಚಿಸುವ ಪದವಾದದ್ದು ಕೇವಲ ಭಾಷಿಕ ವಿದ್ಯಮಾನವಲ್ಲ. ಆ ಪಲ್ಲಟಕ್ಕೆ ಸಮಾನಾಂತರವಾದ ಒಂದು ರಾಜಕೀಯ ಪ್ರಕ್ರಿಯೆ 1734ರಿಂದ 1762ರವರೆಗೆ ಮೈಸೂರಿನಲ್ಲಿ ನಡೆಯಿತು. ಅದರ ಮೊದಲ ಹೆಜ್ಜೆ ದೇವನಹಳ್ಳಿಯ ಕೋಟೆಯ ಬಾಗಿಲಲ್ಲಿಯೂ ಮುಖ್ಯವಾದ ಕೊನೆಯ ಹೆಜ್ಜೆಗಳಲ್ಲಿ ಒಂದು ಚಿಕ್ಕಬಳ್ಳಾಪುರದ ಕೋಟೆಯ ಮುಂದೆಯೂ ಬಿದ್ದವು. ಸಾಮಾನ್ಯ ಸವಾರನೊಬ್ಬ ಹನ್ನೆರಡು ವರ್ಷಗಳಲ್ಲಿ ರಾಜ್ಯದ ನಿಜವಾದ ಪ್ರಭುವಾದದ್ದು ಹೇಗೆ ಎಂಬ ಪ್ರಶ್ನೆಯನ್ನು ಈ ಸೀಮೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಕರಗಳ ಸ್ವರೂಪ

ಹೈದರನನ್ನು ಕುರಿತ ಬರೆಹಗಳು ಬಹುಮಟ್ಟಿಗೆ ಎರಡು ತುದಿಗಳಲ್ಲಿ ನಿಲ್ಲುತ್ತವೆ. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಿಂದ 1817ರ ನಡುವೆ ಪ್ರಕಟಿಸಿದ ಚರಿತ್ರೆಯಲ್ಲಿ ಹೈದರ್ ಅಪಹಾರಿ. ಟಿಪ್ಪುವಿನ ಪತನದ ತರುವಾಯ ಮೀರ್ ಹುಸೇನ್ ಅಲಿ ಖಾನ್ ಕಿರ್ಮಾನಿ ಬರೆದ ಪಾರಸಿ ಗ್ರಂಥ ‘ನಿಶಾನ್-ಎ-ಹೈದರಿ’ಯಲ್ಲಿ ಅವನು ಭಾಗ್ಯವಿಧಾತನಿಂದ ಆಯ್ಕೆಯಾದ ವೀರ. ವಿಲ್ಕ್ಸ್‌ಗೆ 1799ರ ಬ್ರಿಟಿಷ್ ವ್ಯವಸ್ಥೆಯನ್ನು ಸಮರ್ಥಿಸುವ ಅಗತ್ಯವಿತ್ತು. ಕಿರ್ಮಾನಿಗೆ ಅಳಿದ ಮನೆತನದ ಕೀರ್ತಿಯನ್ನು ಉಳಿಸುವ ಅಗತ್ಯವಿತ್ತು. ಇವೆರಡರ ನಡುವೆ 1784ರ ‘ಹೈದರ್ ನಾಮಾ’ ಎಂಬ ಕನ್ನಡ ಗದ್ಯಕೃತಿಗೆ ವಿಶೇಷ ಮಹತ್ವವಿದೆ. ಹೈದರ್ ಮಡಿದದ್ದು 1782ರ ಡಿಸೆಂಬರ್ 7ರಂದು. ಆತನ ಮರಣದ ಎರಡು ವರ್ಷಗಳ ಒಳಗೆ ರಚಿತವಾದ ಈ ಕೃತಿಯ ಭಾಷೆ ಕಾವ್ಯದ ಭಾಷೆಯಲ್ಲ, ಕಚೇರಿಯ ಭಾಷೆ. ಕಂದಾಯ, ಸಂಬಳ, ಠಾಣ್ಯಗಳ ಲೋಕಕ್ಕೆ ಸೇರಿದ ಈ ಗದ್ಯದ ಅಸ್ತಿತ್ವವೇ, ಹೈದರನ ಏಳಿಗೆಯನ್ನು ಕತ್ತಿಯ ಚರಿತ್ರೆಯಾಗಿ ಮಾತ್ರವಲ್ಲದೆ ಲೆಕ್ಕಪತ್ರದ ಚರಿತ್ರೆಯಾಗಿಯೂ ಓದಬೇಕಾದ ಅಗತ್ಯವನ್ನು ಮುಂದಿಡುತ್ತದೆ.

ಆಧುನಿಕ ಕಾಲದ ಚರ್ಚೆಗಳಲ್ಲಿ ಹೈದರನ ಧರ್ಮವೇ ಮುಖ್ಯ ಸಂಗತಿಯಾಗಿ ಬರುವುದುಂಟು. ಆದರೆ 1758ರಿಂದ 1761ರವರೆಗಿನ ಘಟನೆಗಳಲ್ಲಿ ಪಕ್ಷಗಳು ಧರ್ಮದ ಗೆರೆಯ ಮೇಲೆ ಒಡೆಯಲಿಲ್ಲ. ಹೈದರನನ್ನು ಮೇಲೆತ್ತಿದವರಲ್ಲಿ ಕಳಲೆಯ ನಂಜರಾಜಯ್ಯ, ರಾಜಮಾತೆ ದೇವಾಜಮ್ಮಣ್ಣಿ, ಬ್ರಾಹ್ಮಣ ಲೆಕ್ಕಿಗ ಖಂಡೇರಾವ್ ಇದ್ದರು. ಆತನನ್ನು ಉರುಳಿಸಲು ಯತ್ನಿಸಿದವರೂ ಇವರಲ್ಲಿನ ಇಬ್ಬರೇ. ಆದ್ದರಿಂದ ವ್ಯಕ್ತಿಯ ಧರ್ಮ ಅಥವಾ ಗುಣಾವಗುಣಗಳಿಗಿಂತ ಅಧಿಕಾರ ಕೈಬದಲಾದ ಕ್ರಮವೇ ಇಲ್ಲಿ ಗಮನಾರ್ಹ.

ಬರಿದಾಗಿದ್ದ ಸಿಂಹಾಸನ

ಹೈದರ್ ಒಡೆಯರ ಅಧಿಕಾರವನ್ನು ಕಿತ್ತುಕೊಂಡನೆಂಬ ಹೇಳಿಕೆ ಅರ್ಧಸತ್ಯ. ಕಿತ್ತುಕೊಳ್ಳಲು ಒಡೆಯರ ಕೈಯಲ್ಲಿ ಅಧಿಕಾರ ಉಳಿದಿರಲೇ ಇಲ್ಲ. 1734ರಲ್ಲಿ ಏಳನೆಯ ಚಾಮರಾಜ ಒಡೆಯರನ್ನು ದಳವಾಯಿ ದೇವರಾಜಯ್ಯನ ಪಕ್ಷ ಪದಚ್ಯುತಗೊಳಿಸಿ ಕಬ್ಬಾಳದುರ್ಗದ ಸೆರೆಗೆ ಕಳುಹಿಸಿತು. ಅವರ ಸ್ಥಾನದಲ್ಲಿ ಬಾಲಕನಾಗಿದ್ದ ಇಮ್ಮಡಿ ಕೃಷ್ಣರಾಜ ಒಡೆಯರನ್ನು ಕೂರಿಸಲಾಯಿತು. ಕಳಲೆ ಮನೆತನದ ಈ ದಳವಾಯಿಯ ತಮ್ಮ ಕರಾಚೂರಿ ನಂಜರಾಜಯ್ಯ ಸರ್ವಾಧಿಕಾರಿಯಾದ. ಮುಂದೆ ತನ್ನ ಮಗಳನ್ನೇ ಅರಸನಿಗೆ ಕೊಟ್ಟು ಮಾವನೂ ಆದ. ಸೇನೆ ಅಣ್ಣನ ಕೈಯಲ್ಲಿ, ಖಜಾನೆ ತಮ್ಮನ ಕೈಯಲ್ಲಿ. ಅರಸನಿಗೆ ಉಳಿದದ್ದು ದಸರೆಯ ದರ್ಬಾರು ಮತ್ತು ಮುದ್ರೆ.

ಕನ್ನಡ ಸಾಹಿತ್ಯ ಚರಿತ್ರೆಗೆ ನಂಜರಾಜಯ್ಯ ಅಪರಿಚಿತನಲ್ಲ. ‘ಕಕುದ್ಗಿರಿ ಮಾಹಾತ್ಮ್ಯ’, ‘ಹಾಲಾಸ್ಯ ಮಾಹಾತ್ಮ್ಯ’ ಮೊದಲಾದ ಕೃತಿಗಳ ಕರ್ತೃವೆಂದು ಆತನಿಗೆ ಸ್ಥಾನವಿದೆ. ನೃಸಿಂಹಕವಿಯ ಸಂಸ್ಕೃತ ಅಲಂಕಾರ ಗ್ರಂಥ ‘ನಂಜರಾಜಯಶೋಭೂಷಣ’ ಆತನ ಹೆಸರಿನಲ್ಲಿಯೇ ಇದೆ. ಅಲಂಕಾರ ಗ್ರಂಥದ ಉದಾಹರಣ ಪದ್ಯಗಳ ನಾಯಕ ಸಿಂಹಾಸನದಲ್ಲಿರುವ ಅರಸನಾಗಿರದೆ ಮಂತ್ರಿಯಾಗಿರುವುದು ಆ ಕಾಲದ ಅಧಿಕಾರಕೇಂದ್ರ ಎಲ್ಲಿತ್ತೆಂಬುದನ್ನು ಸ್ಪಷ್ಟವಾಗಿ ತಿಳಿಸುತ್ತದೆ. ಕವಿಗಳು ಆಗಲೇ ಅದನ್ನು ಗುರುತಿಸಿದ್ದರು. ಹೀಗೆ, ಹುದ್ದೆ ಸಿಂಹಾಸನವನ್ನು ನುಂಗುವ ಕೆಲಸ ಹೈದರನಿಗಿಂತ ಒಂದು ತಲೆಮಾರು ಮೊದಲೇ ಮುಗಿದಿತ್ತು. ಅದನ್ನು ಮಾಡಿದವರು ಹೊರಗಿನವರಲ್ಲ, ಅರಮನೆಯ ಬಂಧುಗಳು.

ಸಾಲದ ನಗಾರಿ ಮತ್ತು ದೇವನಹಳ್ಳಿಯ ಬಾಗಿಲು

ಹೈದರ್ ಹುಟ್ಟಿದ್ದು 1720ರ ದಶಕದ ಆರಂಭದ ಸುಮಾರಿಗೆ, ಕೋಲಾರ ಸೀಮೆಯ ಬೂದಿಕೋಟೆಯಲ್ಲಿ. ತಂದೆ ಫತೇ ಮುಹಮ್ಮದ್ ಶಿರಾ ಸುಬೆಯ ಸೇವೆಯಲ್ಲಿದ್ದ ಸೇನಾನಾಯಕ. ಆತ ಯುದ್ಧದಲ್ಲಿ ಮಡಿದಾಗ ಮನೆಯವರು ದೊಡ್ಡಬಳ್ಳಾಪುರದಲ್ಲಿ ಅಬ್ಬಾಸ್ ಕುಲಿ ಖಾನನ ಆಶ್ರಯದಲ್ಲಿದ್ದರು. ತಂದೆಯ ಬಾಕಿಯನ್ನು ವಸೂಲು ಮಾಡುವ ನೆಪದಲ್ಲಿ ಆತ ಮನೆಯನ್ನು ದೋಚಿ, ಎಳೆಯ ಹೈದರನನ್ನೂ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಹಾಕಿ ಹಿಂಸಿಸಿದನೆಂದು ವಿಲ್ಕ್ಸ್ ಹೇಳುತ್ತಾನೆ. ಈ ಕಥೆಯಲ್ಲಿ ದಂತಕಥೆಯ ಅಂಶವೆಷ್ಟೆಂಬುದು ಬೇರೆ ಮಾತು. ಬಾಕಿಯೇ ಅಧಿಕಾರವಾಗಿ ಪರಿಣಮಿಸುವ ಒಂದು ಲೋಕದಲ್ಲಿ ಆ ಬಾಲ್ಯ ಕಳೆಯಿತೆಂಬುದನ್ನಂತೂ ಅದು ಸೂಚಿಸುತ್ತದೆ. 1761ರಲ್ಲಿ ಹೈದರನ ಸೇನೆ ದೊಡ್ಡಬಳ್ಳಾಪುರದತ್ತ ಬಂದಾಗ ಅದೇ ಅಬ್ಬಾಸ್ ಕುಲಿ ಖಾನ್ ಮದರಾಸಿಗೆ ಪಲಾಯನ ಮಾಡಿದ.

1749ರಲ್ಲಿ ನಂಜರಾಜಯ್ಯ ದೇವನಹಳ್ಳಿಯನ್ನು ಮುತ್ತಿದ. ಆ ಕೋಟೆ ಆವತಿ ಗೌಡರ ಮನೆತನದ ಒಂದು ಶಾಖೆಗೆ ಸೇರಿತ್ತು. ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರಗಳ ಪಾಳೆಯಪಟ್ಟುಗಳೂ ಅದೇ ಮೂಲದವು. ಅಣ್ಣನ ತುಕಡಿಯ ಜೊತೆ ಸ್ವಯಂಪ್ರೇರಿತನಾಗಿ ಬಂದಿದ್ದ ಹೈದರ್ ಈ ಮುತ್ತಿಗೆಯಲ್ಲಿ ನಂಜರಾಜಯ್ಯನ ಕಣ್ಣಿಗೆ ಬಿದ್ದ. ಐವತ್ತು ಕುದುರೆ, ಇನ್ನೂರು ಕಾಲಾಳುಗಳ ನಾಯಕತ್ವ ಹಾಗೂ ಕೋಟೆಯ ಒಂದು ಬಾಗಿಲಿನ ಕಾವಲು ಆತನಿಗೆ ದೊರೆತವು. ಜೊತೆಗೆ ತನ್ನ ತುಕಡಿಯನ್ನು ತಾನೇ ಬೆಳೆಸಿಕೊಳ್ಳುವ ಅನುಮತಿಯೂ ದೊರೆಯಿತು. ಮುಂದಿನ ಎಲ್ಲ ಬೆಳವಣಿಗೆಗಳ ಬೀಜ ಈ ಅನುಮತಿಯಲ್ಲಿದೆ. ಸಂಬಳ ರಾಜ್ಯದ್ದು, ನೇಮಕ ನಾಯಕನದು ಎಂಬ ಏರ್ಪಾಟಿನಲ್ಲಿ ಸೈನಿಕನ ನಿಷ್ಠೆ ನಾಯಕನ ಕಡೆಗೆ ವಾಲುವುದು ಸಹಜ.

1750ರ ಡಿಸೆಂಬರಿನಲ್ಲಿ ನಾಸಿರ್ ಜಂಗ್ ಕೊಲೆಯಾದಾಗ ಉಂಟಾದ ಗೊಂದಲದಲ್ಲಿ ಆತನ ಖಜಾನೆಯ ಒಂದು ಪಾಲು ಹೈದರನ ಬೇಡ ಪಡೆಯ ಕೈಸೇರಿತು. 1755ರಲ್ಲಿ ದಿಂಡಿಗಲ್ಲಿನ ಫೌಜುದಾರಿಕೆ ಬಂತು. ಲೆಕ್ಕಪತ್ರ ಬಲ್ಲ ಖಂಡೇರಾವ್ ಜೊತೆಗೂಡಿದ್ದರಿಂದ ಸುಲಿಗೆಯೂ ಒಂದು ವ್ಯವಸ್ಥೆಯಾಯಿತು. ಸೈನಿಕ ತಂದದ್ದರಲ್ಲಿ ನಾಯಕನಿಗೆ ನಿಗದಿತ ಪಾಲು ಸಲ್ಲಬೇಕಿತ್ತು. ಗಾಯಗೊಂಡವರಿಗೆ ಸರ್ಕಾರ ಕೊಡುತ್ತಿದ್ದ ಭತ್ಯಕ್ಕಾಗಿ ಗಾಯವಿಲ್ಲದವರಿಗೂ ಪಟ್ಟಿ ಕಟ್ಟಿಸಿ ತೋರಿಸಿದ ಕಥೆಯನ್ನು ವಿಲ್ಕ್ಸ್ ದಾಖಲಿಸುತ್ತಾನೆ. ಶತ್ರುಪಕ್ಷದ ಬರೆಹವೆಂದು ಇದನ್ನು ಎಚ್ಚರದಿಂದ ಓದಬೇಕಾದರೂ, ರಾಜ್ಯದ ಲೆಕ್ಕ ಪರಿಶೀಲಿಸುವವರಿಲ್ಲದ ಸ್ಥಿತಿಯಂತೂ ನಿಜವಾಗಿತ್ತು.

ಬಾಕಿ ಸಂಬಳದ ರಾಜಕಾರಣ

ತಿರುಚಿನಾಪಳ್ಳಿಯ ಆಸೆಯಿಂದ ನಂಜರಾಜಯ್ಯ ನಡೆಸಿದ ದೀರ್ಘ ದಂಡಯಾತ್ರೆ ವಿಫಲವಾಗಿ ಖಜಾನೆ ಬರಿದಾಗಿತ್ತು. 1755ರಲ್ಲಿ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಬಂದು 56 ಲಕ್ಷ ರೂಪಾಯಿಗಳ ಕಪ್ಪ ಕೇಳಿದಾಗ ದೇವಾಲಯಗಳ ಒಡವೆಗಳಿಗೂ ಕೈಹಾಕಬೇಕಾಯಿತು. 1757ರಲ್ಲಿ ಪೇಶ್ವೆ ಬಾಲಾಜಿರಾಯ 32 ಲಕ್ಷಕ್ಕೆ ಒಪ್ಪಂದ ಮಾಡಿಕೊಂಡು, ಬಾಕಿಗೆ ಅಡವಾಗಿ ತಾಲ್ಲೂಕುಗಳನ್ನೇ ಹಿಡಿದುಕೊಂಡ. ಈ ನಡುವೆ ಅಣ್ಣತಮ್ಮಂದಿರೂ ಬೇರೆಯಾದರು. ಸ್ವತಂತ್ರನಾಗಲು ಯತ್ನಿಸಿದ ಅರಸನ ಅರಮನೆಯ ಮೇಲೆಯೇ ನಂಜರಾಜಯ್ಯ ಫಿರಂಗಿ ತಿರುಗಿಸಿದ್ದರಿಂದ ಬೇಸತ್ತ ದೇವರಾಜಯ್ಯ ಶ್ರೀರಂಗಪಟ್ಟಣವನ್ನೇ ತೊರೆದ.

1758ರಲ್ಲಿ ಸಂಬಳವಿಲ್ಲದ ಸೈನಿಕರು ನಂಜರಾಜಯ್ಯನ ಮನೆಯ ಬಾಗಿಲಲ್ಲಿ ಧರಣಿ ಕೂತರು. ಸಾಲಗಾರನ ಬಾಗಿಲನ್ನು ಕಟ್ಟಿ, ಅವನೂ ಉಣ್ಣದಂತೆ ಕುಳಿತು ಬಾಕಿ ಕೇಳುವುದು ಅಂದಿನ ಧರಣಿಯ ಕ್ರಮ. ದಿಂಡಿಗಲ್ಲಿನಿಂದ ಬಂದ ಹೈದರ್ ಅಣ್ಣತಮ್ಮಂದಿರನ್ನು ಒಂದುಗೂಡಿಸಿ, ಲೆಕ್ಕ ಪರಿಶೀಲಿಸಿ, ಬಾಕಿ ತೀರಿಸಿ, ಸೈನಿಕರನ್ನು ಎಬ್ಬಿಸಿದ. ದಂಗೆ ತಣ್ಣಗಾದ ಮೇಲೆ ಅದರ ಮುಂದಾಳುಗಳು ಸೆರೆಯಾದರು, ಅವರ ಸೊತ್ತು ವಶವಾಯಿತು. ದೇವರಾಜಯ್ಯ ಅದೇ ವರ್ಷ ತೀರಿಕೊಂಡ. ಬೆಂಗಳೂರು ಹೈದರನಿಗೆ ಜಹಗೀರಾಯಿತು.

1759ರಲ್ಲಿ ಮರಾಠರ ಗೋಪಾಲರಾವ್ ಹರಿ ಬೆಂಗಳೂರಿನ ಮೇಲೆ ಬಂದಾಗ ಹೈದರ್ ಸೇನೆಯ ಮುಖ್ಯಸ್ಥನಾದ. ಯುದ್ಧದ ಕೊನೆಗೆ, 32 ಲಕ್ಷ ಕೊಟ್ಟು ಅಡವಿನ ತಾಲ್ಲೂಕುಗಳನ್ನು ಬಿಡಿಸಿಕೊಳ್ಳುವುದೆಂದು ನಿಶ್ಚಯವಾಯಿತು. ರಾಜ್ಯದ ಮಾತಿಗೆ ಸಾಲ ಹುಟ್ಟುವ ಸ್ಥಿತಿ ಇರಲಿಲ್ಲ; ಸಾಹುಕಾರರು ಹೈದರನ ಹೊಣೆಯ ಮೇಲೆ ಹಣ ಕೊಟ್ಟರು. ಅದಕ್ಕೆ ಪ್ರತಿಯಾಗಿ ಬಿಡುಗಡೆಯಾದ ತಾಲ್ಲೂಕುಗಳ ವಸೂಲಿ ಹೈದರನ ಮನುಷ್ಯರ ಕೈಗೆ ಹೋಯಿತು. ಶ್ರೀರಂಗಪಟ್ಟಣಕ್ಕೆ ಮರಳಿದಾಗ ಅರಸನಿಂದ ‘ಫತೇ ಹೈದರ್ ಬಹಾದ್ದೂರ್’ ಎಂಬ ಬಿರುದು ದೊರೆಯಿತು. ಬಿರುದಿಗಿಂತ ಮುಖ್ಯವಾದದ್ದು, ರಾಜ್ಯ ತನ್ನ ಸೇವಕನಿಗೆ ಸಾಲಗಾರನಾದದ್ದು.

ಅನಂತರ ಅದೇ ಧರಣಿ ಮತ್ತೊಮ್ಮೆ ನಡೆಯಿತು. ಈ ಬಾರಿ ಸೈನಿಕರ ಜೊತೆ ನಂಜರಾಜಯ್ಯನ ಬಾಗಿಲಲ್ಲಿ ಕುಳಿತವನು ಹೈದರನೇ. ರಾಜಮಾತೆ ದೇವಾಜಮ್ಮಣ್ಣಿ ಮತ್ತು ಖಂಡೇರಾವ್ ಈ ಯೋಜನೆಯಲ್ಲಿ ಪಾಲುದಾರರು. ನಂಜರಾಜಯ್ಯ ಅಧಿಕಾರ ಬಿಟ್ಟು ನಡೆದ. ಅರಮನೆಯವರಿಗೆ ಇದು ಕಳಲೆಯವರಿಂದ ಬಿಡುಗಡೆಯಾಗಿ ಕಂಡಿತು. ತಮ್ಮ ಬಿಡುಗಡೆಗೆ ಬಳಸಿಕೊಂಡ ಕೈ ತಮ್ಮನ್ನೇ ಹಿಡಿಯಬಹುದೆಂಬುದು ಅವರಿಗೆ ತಡವಾಗಿ ಹೊಳೆಯಿತು. ಅಷ್ಟರಲ್ಲಿ ರಾಜ್ಯದ ಹುಟ್ಟುವಳಿಯ ದೊಡ್ಡ ಪಾಲು ಸೇನೆಯ ಸಂಬಳದ ಲೆಕ್ಕದಲ್ಲಿ ಹೈದರನ ವಶಕ್ಕೆ ಹೋಗಿತ್ತು.

ಸೋಲು ಮತ್ತು ಮರಳಿಕೆ

1760ರ ಆಗಸ್ಟ್ 12ರಂದು ಅರಮನೆ ಎದುರೇಟು ಕೊಟ್ಟಿತು. ಹೈದರನ ಉತ್ತಮ ಪಡೆ ಮಖ್ದೂಮ್ ಅಲಿಯೊಡನೆ ಕರ್ನಾಟಿಕ್ ಪ್ರದೇಶದಲ್ಲಿತ್ತು. ಖಂಡೇರಾವ್ ಅರಮನೆಯ ಪಕ್ಷ ಸೇರಿದ. ಕೋಟೆಯ ಫಿರಂಗಿಗಳು ಹೈದರನ ಬೀಡಿನ ಮೇಲೆ ತಿರುಗಿದವು. ಕುಟುಂಬವನ್ನೂ ಖಜಾನೆಯನ್ನೂ ಬಿಟ್ಟು ಆತ ಕೆಲವೇ ಜನರೊಡನೆ ಕಾವೇರಿಯನ್ನು ದಾಟಿ ಬೆಂಗಳೂರು ಸೇರಿದ. ಅಧಿಕಾರದ ನೆಲೆ ಯಾವುದೆಂಬುದು ಇಂಥ ಸೋಲಿನಲ್ಲಿಯೇ ತಿಳಿಯುತ್ತದೆ. ಅರಸನ ಮುದ್ರೆ ಖಂಡೇರಾವ್‌ನ ಕಡೆಗಿತ್ತು. ಆದರೂ ಬೆಂಗಳೂರಿನ ಕೋಟೆಯನ್ನು ಕಾಯುತ್ತಿದ್ದ ಕಬೀರ್ ಬೇಗ್ ಹೈದರನ ಮನುಷ್ಯ. ಅಲ್ಲಿನ ಸಾಹುಕಾರರು ಸಾಲ ಕೊಟ್ಟರು. ಖಂಡೇರಾವ್‌ನ ನೆರವಿಗಿದ್ದ ಮರಾಠರನ್ನು ಹಣ ಮತ್ತು ಪ್ರದೇಶಗಳ ಆಶ್ವಾಸನೆಯಿಂದ ಹಿಂದಿರುಗಿಸಲಾಯಿತು. 1761ರ ಜನವರಿ 14ರಂದು ಪಾಣಿಪತ್ತಿನಲ್ಲಾದ ಸೋಲು ಮರಾಠರ ದಕ್ಷಿಣದ ಬಲವನ್ನು ಕುಗ್ಗಿಸಿತ್ತೆಂಬುದೂ ಗಮನಾರ್ಹ.

ಹೈದರ್ ತಾನೇ ಕೆಳಗಿಳಿಸಿದ್ದ ನಂಜರಾಜಯ್ಯನ ಬಳಿಗೆ ಹೋಗಿ ಪಶ್ಚಾತ್ತಾಪ ತೋರಿಸಿದ. ಆತನ ಮುದ್ರೆಯುಳ್ಳ ಪತ್ರಗಳನ್ನು ಖಂಡೇರಾವ್‌ನ ಕೈಗೆ ಸಿಗುವಂತೆ ಕಳುಹಿಸಿದ. ತನ್ನ ನಾಯಕರೇ ತನ್ನನ್ನು ಹಿಡಿದುಕೊಡಲಿದ್ದಾರೆಂದು ಶಂಕಿಸಿದ ಖಂಡೇರಾವ್ ಸೇನೆಯನ್ನು ಬಿಟ್ಟು ಓಡಿದ. 1761ರಲ್ಲಿ ಶ್ರೀರಂಗಪಟ್ಟಣ ಹೈದರನ ವಶವಾಯಿತು. ಅರಸನಿಗೆ ಮೂರು ಲಕ್ಷ ವರಹಗಳ, ನಂಜರಾಜಯ್ಯನಿಗೆ ಒಂದು ಲಕ್ಷ ವರಹಗಳ ಪ್ರದೇಶ ಮೀಸಲಾಗಿ, ಉಳಿದ ರಾಜ್ಯದ ನಿರ್ವಹಣೆ ಹೈದರನದಾಯಿತು. ಖಂಡೇರಾವ್ ಪಂಜರದಲ್ಲಿ ಕೊನೆಗಂಡ.

ಹೈದರ್ ಅರಸನೆಂದು ಕರೆದುಕೊಳ್ಳಲಿಲ್ಲ, ‘ಸರ್ವಾಧಿಕಾರಿ’ಯಾದ. ಹುಳ್ಳರಾಜ ಹೊತ್ತ ಪದವಿಯ ಹೆಸರೇ ಇದು. ಆದರೆ ಉತ್ತರ ಕೇಳುವ ಅರಸ ಈಗಿರಲಿಲ್ಲ. ದಸರೆಯಲ್ಲಿ ಒಡೆಯರ ದರ್ಶನ ಮುಂದುವರಿಯಿತು. ಇಮ್ಮಡಿ ಕೃಷ್ಣರಾಜರು 1766ರಲ್ಲಿ ತೀರಿಕೊಂಡ ಮೇಲೂ ಒಬ್ಬರ ಅನಂತರ ಒಬ್ಬರನ್ನು ಸಿಂಹಾಸನದಲ್ಲಿ ಕೂರಿಸಲಾಯಿತು. ಹೈದರನ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರ ರೂಪ ಉಳಿದು, ಇನ್ನೊಂದು ಮುಖದಲ್ಲಿ ಅವನ ಹೆಸರಿನ ಮೊದಲ ಪಾರಸಿ ಅಕ್ಷರ ಸೇರಿತು. ಹಳೆಯದು ಅಳಿಯಲಿಲ್ಲ, ಅದರ ಬೆನ್ನಿಗೆ ಹೊಸದು ಅಚ್ಚಾಯಿತು.

ಚಿಕ್ಕಬಳ್ಳಾಪುರ: ಹಲವು ಒಡೆಯರ ಸೀಮೆಯ ಕೊನೆ

ರಾಜಧಾನಿ ಕೈಸೇರಿದರೂ ಹೈದರನ ಅಧಿಕಾರ ಹುಟ್ಟೂರಿನ ಸೀಮೆಯಲ್ಲಿ ಇನ್ನೂ ಸ್ಥಿರವಾಗಿರಲಿಲ್ಲ. ನಿಜಾಮನ ಸೋದರ ಬಸಾಲತ್ ಜಂಗ್ ಹೊಸಕೋಟೆಯ ಬಳಿ ಬೀಡುಬಿಟ್ಟಿದ್ದಾಗ ಹಣ ಪಡೆದು ಹೈದರನಿಗೆ ಶಿರಾ ಸುಬೆಯ ನವಾಬಗಿರಿ ಕೊಟ್ಟ. ಆಗ ಶಿರಾ ಬಸಾಲತ್ ಜಂಗನ ವಶದಲ್ಲಿರದೆ ಮರಾಠರ ವಶದಲ್ಲಿತ್ತು. ಕೊಡುವವನ ಬಳಿ ಇಲ್ಲದ ಅಧಿಕಾರವನ್ನು ಕೊಂಡುಕೊಂಡರೂ ಸನದಿಗೆ ಬೆಲೆಯಿತ್ತು. ಶಿರಾ ಸುಬೆಗೆ ಕಪ್ಪ ಕೊಡುತ್ತಿದ್ದ ಪಾಳೆಯಗಾರರಿಂದ ಅದನ್ನು ಕೇಳುವ ಹಕ್ಕು ಅದರಿಂದ ಹುಟ್ಟಿತು.

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳ ಈ ಸೀಮೆಗೆ ಅಂದು ಒಬ್ಬನೇ ಒಡೆಯನಿರಲಿಲ್ಲ. ಚಿಕ್ಕಬಳ್ಳಾಪುರ ಹದಿನೈದನೆಯ ಶತಮಾನದಿಂದ ಆವತಿ ವಂಶದವರದು.  ಚಿಂತಾಮಣಿಗೆ ಹೆಸರು ಬಂದದ್ದು ಅದರ ಸ್ಥಾಪಕ, ಮರಾಠಾ ನಾಯಕ ಚಿಂತಾಮಣಿರಾವ್‌ನಿಂದ. ಉತ್ತರ ಪಿನಾಕಿನಿಯ ದಡದ ಗೌರಿಬಿದನೂರಿಗೆ ಬಡಗಣ ದಿಕ್ಕಿನಲ್ಲಿ ಗುತ್ತಿಯ ಮುರಾರಿರಾವ್‌ನ ಠಾಣ್ಯಗಳಿದ್ದವು. ಬಲಿಷ್ಠನಾದವನಿಗೆ ಕಪ್ಪ ಕೊಡುವುದು, ಅವನು ದೂರ ಸರಿದಾಗ ನಿಲ್ಲಿಸುವುದು, ಒಬ್ಬನ ವಿರುದ್ಧ ಇನ್ನೊಬ್ಬನನ್ನು ಕರೆಯುವುದು ಪಾಳೆಯಗಾರರ ಉಳಿವಿನ ಉಪಾಯವಾಗಿತ್ತು. ಒಂದೇ ಕೇಂದ್ರ ಎಲ್ಲವನ್ನೂ ನುಂಗದಂತೆ ಈ ಚೌಕಾಶಿ ಎರಡು ಮೂರು ಶತಮಾನ ತಡೆದಿತ್ತು.

1762ರಲ್ಲಿ ಹೈದರ್ ಚಿಕ್ಕಬಳ್ಳಾಪುರವನ್ನು ಮುತ್ತಿದಾಗ ಪಾಳೆಯಗಾರ ಹಿಡಿದದ್ದು ಈ ಹಳೆಯ ಉಪಾಯವನ್ನೇ. ದೀರ್ಘ ಮುತ್ತಿಗೆಯ ಕೊನೆಗೆ ಹಣ ಕೊಡಲು ಒಪ್ಪಿದ. ಹೈದರ್ ದೇವನಹಳ್ಳಿಗೆ ಸರಿದೊಡನೆ ಮುರಾರಿರಾವ್‌ನ ಸೈನ್ಯವನ್ನು ಕೋಟೆಯೊಳಗೆ ಬಿಟ್ಟು ತಾನು ನಂದಿದುರ್ಗವನ್ನೇರಿದ. ಹೈದರ್ ಮರಳಿ ಬಂದು ಕೋಟೆಯನ್ನು ಹಿಡಿದ. ಮುರಾರಿರಾವ್‌ನಿಂದ ಕೋಡಿಕೊಂಡ, ಪೆನುಕೊಂಡ, ಮಡಕಶಿರಾಗಳನ್ನು ಕಿತ್ತುಕೊಂಡ. ನಂದಿದುರ್ಗವೂ ಬಿದ್ದು ಪಾಳೆಯಗಾರ ಸೆರೆಯಾಗಿ ಬೆಂಗಳೂರಿಗೆ ಹೋದ. ಮರು ವರ್ಷ, 1763ರಲ್ಲಿ, ಬಿದನೂರು ಹೈದರನ ವಶವಾಯಿತು.

ಹಳೆಯ ಉಪಾಯ ವಿಫಲವಾದದ್ದಕ್ಕೆ ಕಾರಣ ಸ್ಪಷ್ಟ. ಹಿಂದಿನ ದಂಡುಗಳು ಕಪ್ಪ ಪಡೆದು ಮರಳುತ್ತಿದ್ದವು. ವರ್ಷವಿಡೀ ಸಂಬಳದ ಸೈನ್ಯವನ್ನು ಸಾಕುವವನಿಗೆ ಒಮ್ಮೆ ಬರುವ ಕಪ್ಪ ಸಾಲದು. ಅವನಿಗೆ ನೆಲದ ನೇರ ಕಂದಾಯವೇ ಬೇಕು. ಬಾಕಿ ತೀರಿಸುವ ಮೂಲಕ ಬೆಳೆದ ಅಧಿಕಾರ ಹೊಸ ಬಾಕಿ ಬೀಳದಂತೆ ಪ್ರದೇಶಗಳನ್ನು ನುಂಗುತ್ತಲೇ ಹೋಗಬೇಕಾಗಿತ್ತು. ಇನ್ನೊಂದೆಡೆ, ಒಂದೇ ವಂಶದ ಮೂರು ಶಾಖೆಗಳಾಗಿದ್ದ ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರಗಳು ಬೇರೆಬೇರೆ ಕಾಲದಲ್ಲಿ ಬೇರೆಬೇರೆಯವರ ಕೈಗೆ ಬಿದ್ದವು. ನೆರೆಯವನ ಸೋಲನ್ನು ಪ್ರತಿಯೊಬ್ಬನೂ ತನ್ನ ಸೋಲೆಂದು ಎಣಿಸದೆ ಹೋದದ್ದರಿಂದ ಹಲವು ಒಡೆತನಗಳ ಸೀಮೆ ಒಂದೇ ಒಡೆತನದ ಸೀಮೆಯಾಯಿತು. ಪಾಳೆಯಗಾರಿಕೆಯನ್ನು ಪ್ರಜಾಹಿತದ ವ್ಯವಸ್ಥೆಯೆಂದು ವೈಭವೀಕರಿಸುವ ಕಾರಣವಿಲ್ಲ. ಆದರೆ ಅದರ ನಾಶದೊಡನೆ ಕೇಂದ್ರಕ್ಕೆ ಎದುರು ಮಾತನಾಡಬಲ್ಲ ಸ್ಥಾನಗಳೂ ನಾಶವಾದವು.

ಸಮಾರೋಪ

ಹೈದರನ ಆಳ್ವಿಕೆಯ ಸಾಧನೆಗಳು ಬೇರೆಯೇ ಅಧ್ಯಯನದ ವಿಷಯ. ಇಪ್ಪತ್ತನೆಯ ಶತಮಾನದ ಸರ್ವಾಧಿಕಾರಗಳಿಗೂ ಅದಕ್ಕೂ ಇರುವ ಅಂತರ ದೊಡ್ಡದು. ಆದರೆ ಏಳಿಗೆಯ ಕ್ರಮದಲ್ಲಿ ಹೋಲಿಕೆಯಿದೆ. ಪ್ರಾಚೀನ ರೋಮಿನಲ್ಲಿ ಡಿಕ್ಟೇಟರ್ ಎಂಬುದು ಆಪತ್ಕಾಲದಲ್ಲಿ ಆರು ತಿಂಗಳಿಗೆ ಮೀರದ ಕಾನೂನುಬದ್ಧ ಹುದ್ದೆಯಾಗಿತ್ತು, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರ್ ಅದನ್ನು ಆಜೀವವಾಗಿಸಿಕೊಂಡ. ಹಿಟ್ಲರ್ 1933ರ ಜನವರಿ 30ರಂದು ಅಧ್ಯಕ್ಷನಿಂದ ನೇಮಕಗೊಂಡೇ ಚಾನ್ಸಲರ್ ಆದ. ಭಾರತದಲ್ಲಿ 1975ರ ಜೂನ್ 25ರ ತುರ್ತುಪರಿಸ್ಥಿತಿಯೂ ಸಂವಿಧಾನದ 352ನೆಯ ವಿಧಿಯ ಬಾಗಿಲಿನಿಂದಲೇ ಬಂದಿತು. ಎಲ್ಲೆಡೆಯೂ ಹುದ್ದೆ ಮೊದಲೇ ಇತ್ತು. ಅದನ್ನು ಹಿಡಿದು ನಿಲ್ಲಿಸುವ ಶಕ್ತಿಗಳು ಕುಗ್ಗಿದ್ದವು. ಮೈಸೂರಿನಲ್ಲಿ ಆ ಕುಗ್ಗುವಿಕೆ 1734ರಲ್ಲಿ ತೊಡಗಿತು. ಸಂಬಳ ಕೊಡಲಾಗದ ರಾಜ್ಯ, ಲೆಕ್ಕ ಕೇಳಲಾಗದ ಅರಸ, ಶತ್ರುವನ್ನು ಹೊರಹಾಕಲು ಸೇನಾನಿಯನ್ನು ಕರೆದ ಅರಮನೆ, ಒಬ್ಬೊಬ್ಬರಾಗಿ ಸೋತ ಪಾಳೆಯಗಾರರು ಸೇರಿ ತೆರವು ಮಾಡಿದ ಜಾಗಕ್ಕೆ ಹೈದರ್ ಬಂದ. ಅವನನ್ನು ಅಪಹಾರಿಯೆಂದೋ ಮಹಾಪುರುಷನೆಂದೋ ಮಾತ್ರ ಕಾಣುವ ಎರಡೂ ಓದುಗಳು ಈ ತೆರವನ್ನು ಮರೆಮಾಡುತ್ತವೆ.

ಈ ತೆರವನ್ನು ತುಂಬುವ ಪದವೊಂದು ಕನ್ನಡದಲ್ಲಿ ಮುಂದೆ ಬಂದಿತು. ಅದು ‘ಜವಾಬ್ದಾರಿ ಸರ್ಕಾರ’. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜಸತ್ಯಾಗ್ರಹದ ಬೆನ್ನಲ್ಲೇ, ಏಪ್ರಿಲ್ 25ರಂದು, ಗೌರಿಬಿದನೂರಿನ ಸಮೀಪದ ವಿದುರಾಶ್ವತ್ಥದಲ್ಲಿ ನೆರೆದ ಜನರ ಮೇಲೆ ಗುಂಡು ಹಾರಿತು. ಅಲ್ಲಿ ಸೇರಿದವರ ಚಳವಳಿಯ ಬೇಡಿಕೆ, ಅಧಿಕಾರ ನಡೆಸುವವರು ಪ್ರಜೆಗಳಿಗೆ ಉತ್ತರ ಹೇಳಬೇಕು ಎಂಬುದು. ಅದು 1947ರ ಅಕ್ಟೋಬರಿನಲ್ಲಿ, ಕೋಲಾರ ಜಿಲ್ಲೆಯವರೇ ಆದ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲದೊಡನೆ ಕೈಗೂಡಿತು. ಹುಳ್ಳರಾಜನ ಕಾಲದ ಸರ್ವಾಧಿಕಾರಿ ಉತ್ತರ ಹೇಳಬೇಕಾದದ್ದು ಅರಸನಿಗೆ. 1761ರ ಸರ್ವಾಧಿಕಾರಿ ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ. ಹುದ್ದೆಯ ಹೆಸರು ನಿಂದೆಯ ಹೆಸರಾಗಲು ಬೇಕಾದದ್ದು ಈ ಒಂದು ವ್ಯತ್ಯಾಸ ಮಾತ್ರ. ಆ ವ್ಯತ್ಯಾಸ ಒಂದೇ ದಿನದಲ್ಲಿ ಉಂಟಾಗಲಿಲ್ಲವೆಂಬುದನ್ನು ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದವರೆಗಿನ ಚರಿತ್ರೆ ಸ್ಪಷ್ಟಪಡಿಸುತ್ತದೆ.